ಜಾಜಿಗೆ ಕಲಿಸಿದ ಮಾತು

ನಮ್ಮ ಚಾಮರಾಜಪೇಟೆಯ ಎದುರುಮನೆ ವೇಣು ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರಿ. ಓದಿದ್ದು ಎಸ್ಸೆಸ್ಸೆಲ್ಸಿ, ನಾಯಿಯ ಹತ್ತಿರ ಮಾತ್ರ ಜರ್ಮನ್ ಮಾತಾಡುತ್ತಿದ್ದ! ಬೀದಿಯವರೆಲ್ಲ ನಗುತ್ತಿದ್ದೆವು. ಕಾರಣ ಇತ್ತು ಅನ್ನಿ. ಅವನ ಮೊದಲನೇ ನಾಯಿ ಶ್ವಾನ ಸ್ಪರ್ಧೆಯಲ್ಲಿ ಹಲಗೆ ಹಾರುತ್ತಿದ್ದಾಗ ಜನರ ನಡುವೆ ಯಾವನೋ ತಲೆಹರಟೆ "ಬಾರೋ" ಅಂದ. ಅದು ಆಟ ಬಿಟ್ಟು ಅವನ ಹತ್ತಿರ ಓಡಿತು. ಆಮೇಲೆ ಬಂದ ಜಾಜಿಗೆ ಆಜ್ಞೆಯೆಲ್ಲ ಜರ್ಮನ್. ಕೂರಲು ಸಿಟ್ಸ್, ಇದ್ದಲ್ಲೇ ಮಲಗಲು ಪ್ಲಾಟ್ಸ್. ತಟ್ಟೆಗೆ ಬಾಯಿ ಹಾಕಲು ಅವನ ಅಮ್ಮನ ತೆಲುಗು, "ತಿನು". ಕನ್ನಡ ಮುದ್ದಿಗೆ ಮಾತ್ರ.

ಆ ಜರ್ಮನ್ ಮಾತನ್ನು ಮನೆಯವರು ಯಾರೂ ಆಡುವಂತಿರಲಿಲ್ಲ. ಎಲ್ಲರೂ ಆಡಿದರೆ ನಾಯಿಗೆ ಸಸಾರವಾಗುತ್ತದಂತೆ. ಒಮ್ಮೆ ಅವನ ಹೆಂಡತಿ ಮಾಧವಿ ರೊಟ್ಟಿ ತಟ್ಟುತ್ತಾ ತಮಾಷೆಗೆ "ಪ್ಲಾಟ್ಸ್" ಅಂದಳು. ಜಾಜಿ ತಟ್ಟನೆ ನೆಲಕ್ಕಂಟಿ ಮಲಗಿತು. ಮಾಧವಿ ಬಿದ್ದು ಬಿದ್ದು ನಕ್ಕಳು. ವೇಣು, "ಇನ್ನೊಂದ್ಸಲ ಅದು ನಿನ್ ಬಾಯಲ್ಲಿ ಬರಕೂಡ್ದು" ಅಂತ ಎಗರಾಡಿ ಎರಡು ದಿನ ಮಾತು ಬಿಟ್ಟ. ನನಗೆ ಆಗಲೇ ಮೈ ಉರಿದಿತ್ತು.

ಹೋದ ಶ್ರಾವಣದಲ್ಲಿ, ಸ್ಪರ್ಧೆಗೆ ಎಂಟು ದಿನ ಇರುವಾಗ, ಸಿಲಿಂಡರ್ ತಂದವನು ಅವರ ಮನೆ ಗೇಟು ತೆರೆದಿಟ್ಟು ಒಳಗೆ ಹೋದ. ವೇಣು ಮಾರ್ಕೆಟ್ಟಿನಲ್ಲಿದ್ದ. ಜಾಜಿ ರಸ್ತೆ ದಾಟಿ ನಮ್ಮ ಮನೆ ಮುಂದೆ ನಿಂತು, ತಿರುಗಿ ಆಚೆ ಗೇಟಿಗೆ ಓಡಿಬಂದ ಮಾಧವಿಯನ್ನು ನೋಡಿತು. ಗೂಡ್ಸ್ ಟೆಂಪೋ ಒಂದು ಜೋರಾಗಿ ಬರುತ್ತಿತ್ತು. ನಾನು ಮೆಟ್ಟಿಲ ಮೇಲೆಯೇ ಇದ್ದೆ. ಮಾಧವಿ ಬಾಯಿ ತೆರೆದಳು, ಮುಚ್ಚಿದಳು, ಆಮೇಲೆ ಕೂಗಿದಳು.

"ಜಾಜಿ, ಬರಬೇಡ ಕಣೇ! ನನ್ ಬಂಗಾರ, ಅಲ್ಲೇ ಇರೇ!"

ಕನ್ನಡದಲ್ಲಿ ಜಾಜಿ ಮುದ್ದಿನ ಮಾತು ಬಿಟ್ಟು ಬೇರೇನೂ ಕೇಳಿರಲಿಲ್ಲ. ಬಾಲ ಆಡಿಸಿಕೊಂಡು ಅವಳ ಕಡೆಗೇ ಓಡಿತು.

ವೇಣು ಬಂದಾಗ ಮಾಧವಿ ರಸ್ತೆಯಲ್ಲೇ ಕೂತಿದ್ದಳು, ಜಾಜಿಯ ತಲೆ ಅವಳ ತೊಡೆಯ ಮೇಲಿತ್ತು. ಉಸಿರು ನಿಂತು ಅರ್ಧ ಗಂಟೆಯಾಗಿತ್ತು.

"ಪ್ಲಾಟ್ಸ್ ಅಂದಿದ್ರೆ ಅಲ್ಲೇ ಮಲಗ್ತಿತ್ತಲ್ಲೇ! ನಿಂಗೆ ಗೊತ್ತಿತ್ತಲ್ಲ!"

"ಬಾಯಿಗೆ ಬಂದಿತ್ತು ರೀ. ನೀವು ಬೈತೀರಾ ಅಂತ ನುಂಗ್ಕೊಂಡೆ."

ಅವನಿಗೆ ಚೆನ್ನಾಗಿ ಉಗಿಯಬೇಕು ಅಂತಲೇ ನಾನು ರಸ್ತೆಗಿಳಿದಿದ್ದೆ. ಅವನ ಮುಖ ನೋಡಿ ಆಗಲಿಲ್ಲ, ನಾನೂ ಅತ್ತುಬಿಟ್ಟೆ.

ವೇಣು ಮತ್ತೆ ನಾಯಿ ಸಾಕಲಿಲ್ಲ. ಭಾನುವಾರ ಮೈದಾನದಲ್ಲಿ ಬೇರೆಯವರ ನಾಯಿಗಳಿಗೆ ಕಲಿಸುತ್ತಾನೆ. ಮರಿ ತಂದವರಿಗೆ ಮೊದಲು ಹೇಳುವುದು ಒಂದೇ, "ಮನೇಲಿರೋರ್ನೆಲ್ಲ ಕರ್ಕೊಂಡ್ ಬನ್ನಿ, ಎಲ್ರೂ ಕಲೀಬೇಕು." ಒಂದು ಸಲ ಮಾಧವಿಯನ್ನೂ ಕರೆದ, "ನೀನೂ ಬಾರೇ, ಹೇಳ್ಕೊಡು" ಅಂತ. ಅವಳು ಬೇಡ ಎಂದು ತಲೆಯಾಡಿಸಿ ಒಳಗೆ ಹೋದಳು. ಪ್ಲಾಟ್ಸ್ ಅನ್ನುವ ಆ ಮಾತು ಅವಳ ಬಾಯಲ್ಲಿ ಇವತ್ತಿಗೂ ಬಂದಿಲ್ಲ.