ಓದಿದಂತೆ ಭಾವಿಸಲಾದ ಪ್ರಬಂಧ

ಕೊರೊನಾ ಕಳೆದ ಮರುವರ್ಷ ನಾನು ಗಣಿ ಮತ್ತು ಲೋಹ ಎಂಜಿನಿಯರುಗಳ ಸಂಘವೊಂದರ ಪತ್ರಿಕೆಗೆ ಸಂಪಾದಕನಾಗಿದ್ದೆ. ವಿದೇಶದ ಸೋದರ ಸಂಘದೊಂದಿಗೆ ಹೊನ್ನಾವರದಲ್ಲಿ ಜಂಟಿ ಸಭೆ ನಿಗದಿಯಾಯಿತು. ಇಂಥ ಸಂಘಗಳ ನಂಟು ಹಳೆಯದು. ಮೊದಲು ಪತ್ರಿಕೆಗಳ ವಿನಿಮಯ, ಆಮೇಲೆ ಪರಸ್ಪರರ ಸದಸ್ಯರಿಗೆ ಗ್ರಂಥಾಲಯ ಮತ್ತು ಸಭೆಗಳಿಗೆ ಪ್ರವೇಶ, ಕೊನೆಗೆ ಜಂಟಿ ಸಮ್ಮೇಳನ. ಈ ಇತಿಹಾಸವೇ ಮುಖ್ಯ ಪ್ರಬಂಧವಾಗಬೇಕಿತ್ತು.

ಬರೆಯಬಲ್ಲವರು ಇಬ್ಬರು. ಕಾಯ್ಕಿಣಿಯ ಗಣಪತಿ ನಾಯ್ಕರು ನಿವೃತ್ತ ಗಣಿ ಎಂಜಿನಿಯರ್. ಕರ್ಕಿಯ ಮೀನುಗಾರರ ಮನೆಯ ಸುಮಂಗಲಾ ಹರಿಕಂತ್ರ ಲೋಹತಜ್ಞೆ. ನಾಯ್ಕರ ಕೈಕೆಳಗೆ ಕೆಲಸ ಕಲಿತವರು. ಆ ವಿದೇಶಿ ಸಂಘ ಆಗಷ್ಟೇ ಸುಮಂಗಲಾಗೆ ಫೆಲೋಶಿಪ್, ಅಂದರೆ ತನ್ನ ಉನ್ನತ ದರ್ಜೆಯ ಸದಸ್ಯತ್ವ, ಕೊಟ್ಟಿತ್ತು. ಇಬ್ಬರೂ ಕೂಡಿ ಜಂಟಿ ಹೆಸರಿನಲ್ಲಿ ಬರೆಯಲಿ ಎಂದು ಕೇಳಿಕೊಂಡೆ.

“ಜಂಟಿ ಹೆಸರು ಎಂತಕ್ಕೆ? ನಾ ಒಬ್ನೇ ಬರೀತೆ,” ಎಂದರು ನಾಯ್ಕರು. “ಅವ್ಳಿಗೆ ಫೆಲೋಶಿಪ್ ಸಿಕ್ತಲ್ಲ, ಇನ್ನೂ ಹೊಟ್ಟೆ ತುಂಬ್ಲಿಲ್ವಾ?”

ಸುಮಂಗಲಾ ವಾದಿಸಲಿಲ್ಲ. “ಆತು, ಸರ್ ಹೆಸ್ರೇ ಇರ್ಲಿ. ನನ್ನ ಹೆಸ್ರು ಚರ್ಚೆ ಮಾಡೋರ ಪಟ್ಟಿಗೆ ಹಾಕಿ.”

ಸಭೆಯ ದಿನ ನಾಯ್ಕರು ಭಟ್ಕಳದಲ್ಲಿ ಹೊಲಿಸಿದ ಹೊಸ ಸೂಟಿನಲ್ಲಿ ಬಂದರು. ಅವರ ಭಾಷಣ ಕೇಳಲು ಮನೆಯವರೆಲ್ಲ ಮುಂದಿನ ಸಾಲಿನಲ್ಲಿದ್ದರು. ಅತಿಥಿ ಸಂಘದ ಅಧ್ಯಕ್ಷರು ಎದ್ದು, “ಪ್ರಬಂಧವನ್ನು ಓದಿದಂತೆ ಭಾವಿಸಲಾಗಿದೆ. ಚರ್ಚೆಗೆ ಹೋಗೋಣ,” ಎಂದರು. ಪ್ರಬಂಧವನ್ನು ಮೊದಲೇ ಮುದ್ರಿಸಿ ಹಂಚಿ, ಸಭೆಯಲ್ಲಿ ಚರ್ಚೆಯನ್ನಷ್ಟೇ ನಡೆಸುವುದು ಅವರ ಪದ್ಧತಿ. ಈ ಸಭೆಗೆ ಅದನ್ನೇ ಒಪ್ಪಿಕೊಂಡಿದ್ದೆವು; ಎಲ್ಲರಿಗೂ ತಿಳಿಸಿಯೂ ಇದ್ದೆವು. ನಮ್ಮ ವೇದಿಕೆಗಳಲ್ಲಿ ಓದಿಯೇ ಅಭ್ಯಾಸವಾಗಿದ್ದ ನಾಯ್ಕರು ಅದನ್ನು ಲಕ್ಷ್ಯಕ್ಕೆ ತೆಗೆದುಕೊಂಡಿರಲಿಲ್ಲ. ಅರ್ಧ ಎದ್ದವರು ಮತ್ತೆ ಕುಳಿತರು.

ಮೈಕು ಸುಮಂಗಲಾ ಕೈಗೆ ಹೋಯಿತು. ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಯುದ್ಧಕಾಲದಲ್ಲಿ ಕಡಿದುಹೋದ ಈ ನಂಟು ಮತ್ತೆ ಕೂಡಿದ್ದು ಹೇಗೆ? ಲೇಖಕರ ಬಾಯಿಂದಲೇ ಕೇಳಬೇಕು.”

ನಾಯ್ಕರಿಗೆ ಉತ್ತರ ಗೊತ್ತಿತ್ತು. ಪ್ರಬಂಧದಲ್ಲಿ ವಿವರವಾಗಿ ಬರೆದಿದ್ದರು. ಮುಖ ಬಿಗಿದುಕೊಂಡು, “ಉತ್ತರ ಬರೆದು ಕಳಿಸುತ್ತೇನೆ,” ಎಂದಷ್ಟೇ ಹೇಳಿದರು. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು.

ಚಹಾದ ಹೊತ್ತಿಗೆ ನಾಯ್ಕರು ಸುಮಂಗಲಾ ಎದುರು ನಿಂತರು. “ಎಲ್ಲರ ಮುಂದೆ ನನ್ನ ಪರೀಕ್ಷೆ ಮಾಡ್ತ್ಯನೇ? ಫೆಲೋ ಆದ್ಕೂಡ್ಲೆ?”

“ಪರೀಕ್ಷೆ ಎಂತದು ಸರ್. ಯಾರೂ ಪ್ರಶ್ನೆ ಕೇಳ್ದೆ ಇದ್ರೆ ಲೇಖಕ್ರಿಗೆ ಮೈಕ್ ಕೊಡೂದಿಲ್ಲ ಅವ್ರು. ಉತ್ರಕ್ಕೆ ಎಷ್ಟು ಹೊತ್ತು ಬೇಕಾದ್ರೂ ಮಾತಾಡ್ಬಹುದಿತ್ತು. ನಿಮ್ಮನೆಯೋರು ನಿಮ್ಮ ಮಾತು ಕೇಳೂಕೇ ಬಂದಿದ್ರಲ್ಲ.”

ನಾಯ್ಕರು ಲೋಟ ಕೆಳಗಿಟ್ಟು ಹೊರಗೆ ನಡೆದರು.

ದೇಶದೇಶಗಳ ಸಂಘಗಳು ಕೈಕುಲುಕಿದ್ದನ್ನು ನಾನು ಹಲವು ಬಾರಿ ವರದಿ ಮಾಡಿದ್ದೇನೆ. ಆ ಸಭೆಯ ನಂತರ ಜಂಟಿ ಪ್ರಬಂಧಕ್ಕೆ ಲೇಖಕರನ್ನು ಆರಿಸುವಾಗ ಅವರ ವಿಷಯಜ್ಞಾನವನ್ನು ಮೊದಲು ನೋಡುವುದಿಲ್ಲ. ಒಬ್ಬರ ಏಳಿಗೆಯ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿ ಮುಖ ನೋಡುತ್ತೇನೆ.