ಲೇಬಲ್ ಕಿತ್ತ ಡಬ್ಬಿ

ತೂಕದ ಕೋಣೆಯಲ್ಲಿ ಉರಿಯುವುದು ಒಂದೇ ದೀಪ, ಅದೂ ಹಳದಿ. ರೆಟಿನಾಲ್‌ಗೆ ಬೆಳಕು ಆಗಿಬರುವುದಿಲ್ಲ, ಗಾಳಿಯೂ ಅಷ್ಟೇ. ಅವಳು ಕಂದು ಬಾಟಲಿಯಿಂದ ಹಳದಿ ಎಣ್ಣೆಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ತಕ್ಕಡಿಯ ಅಂಕಿ ನಿಂತೊಡನೆ ಮುಚ್ಚಳ ಬಿಗಿದಳು. ಉಸಿರು ಬಿಟ್ಟಿದ್ದು ಆಮೇಲೆ. ಮುಖದ ಕ್ರೀಮು ಮಾಡುವ ಈ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಅವಳದು ಇದೇ ಕೆಲಸ. ಜೊತೆಯವರಿಗೆ ಅವಳು ತಕ್ಕಡಿಯಮ್ಮ.

ಚರ್ಮದಲ್ಲಿ ನೀರು ಹಿಡಿದಿಡುವ ಹಯಲುರಾನಿಕ್ ಆಮ್ಲ, ಕಲೆ ತಿಳಿಯಾಗಿಸುವ ನಯಾಸಿನಮೈಡ್, ಸುಕ್ಕು ಇಳಿಸುವ ರೆಟಿನಾಲ್. ಯಾವುದು ಎಷ್ಟೆಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯಾಳು. ಯಾರಿಗೆ ಯಾವುದು ಆಗದು ಎಂದು ಹೇಳುವುದು ಲೇಬಲ್ಲಿನ ಕೆಲಸ.

ಕಾರ್ಖಾನೆಯಲ್ಲೊಂದು ಪದ್ಧತಿಯಿತ್ತು. ಮುಚ್ಚಳ ಸೊಟ್ಟಗಾದ, ಲೇಬಲ್ ವಾರೆಯಾದ ಡಬ್ಬಿಗಳನ್ನು ತಿಂಗಳ ಕೊನೆಯ ಶನಿವಾರ ಕೆಲಸಗಾರರಿಗೆ ಹಂಚುತ್ತಿದ್ದರು. ಯಾರೂ ಹೊರಗೆ ಮಾರಬಾರದೆಂದು ಬಿಸಿನೀರಿಗೆ ಅದ್ದಿ, ಲೇಬಲ್ ಕಿತ್ತೇ ಕೊಡುತ್ತಿದ್ದರು. ಎರಡು ವರ್ಷದಿಂದ ಅವಳ ಪಾಲಿನ ಡಬ್ಬಿ ಹೋಗುತ್ತಿದ್ದುದು ಅಕ್ಕನಿಗೆ. ಅಕ್ಕನಿಗೆ ನಲವತ್ತೊಂದು. ಟಿಕೆಟ್ ಕೌಂಟರಿನ ಗಾಜಿನ ಹಿಂದೆ ಕೂತು ದಿನವಿಡೀ ಜನರಿಗೆ ಮುಖ ಕೊಡುವ ಕೆಲಸ. ಮದುವೆಯಾಗಿ ಹದಿನೇಳು ವರ್ಷ, ಮಕ್ಕಳಿಲ್ಲ. ಆ ಮಾತನ್ನು ಮನೆಯಲ್ಲಿ ಎತ್ತುವುದನ್ನೇ ಎಲ್ಲರೂ ಬಿಟ್ಟಿದ್ದರು.

ಆ ಶನಿವಾರ ಮಧ್ಯಾಹ್ನ ಅಕ್ಕನ ಮನೆಯ ಬಾಗಿಲು ತೆರೆದ ಭಾವನ ಮುಖವೆಲ್ಲ ನಗು.

"ಬಾ ತಾಯಿ, ಬಾ. ನಿಮ್ಮಕ್ಕನ ಕಾಲು ಇವತ್ತು ನೆಲದ ಮೇಲಿಲ್ಲ."

ಅಕ್ಕ ಅವಳ ಕೈ ಹಿಡಿದು ಸೋಫಾದಲ್ಲಿ ಕೂರಿಸಿಕೊಂಡಳು. "ಮೂರು ತಿಂಗಳು ಕಣೇ. ಇನ್ನೂ ಯಾರಿಗೂ ಹೇಳಿಲ್ಲ."

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳು ಅಕ್ಕನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. "ಕಳ್ಳಿ! ಇಷ್ಟು ದಿನ ಬಾಯೇ ಬಿಡ್ಲಿಲ್ವಲ್ಲೇ!"

"ನಿನ್ನ ಹತ್ರ ಬಾಯಿ ಬಿಟ್ರೆ ಊರಿಗೆಲ್ಲ ಡಂಗುರ."

"ಮುಖ ನೋಡಿದ್ರೇ ಗೊತ್ತಾಗ್ಬೇಕಿತ್ತು. ಹೆಂಗೆ ಹೊಳೀತಿದೆ ನೋಡು," ಎಂದರು ಭಾವ.

"ಅದು ಇವಳ ಕ್ರೀಮಿಂದು, ರೀ. ಅಂದ ಹಾಗೆ, ಡಬ್ಬಿ ತಳ ಕಾಣ್ತಿದೆ. ತಂದಿದೀಯೇನೇ?"

ಚೀಲದೊಳಗೆ ಹೋಗಿದ್ದ ಅವಳ ಕೈ ಅಲ್ಲೇ ನಿಂತಿತು. ಪ್ಯಾಕಿಂಗ್ ಮೇಜಿನ ಮೇಲೆ ಸಾವಿರ ಸಲ ಕಂಡ, ಲೇಬಲ್ಲಿನ ಇರುವೆಯಂಥ ಅಕ್ಷರದ ಸಾಲು: ರೆಟಿನಾಲ್ ಇದೆ, ಗರ್ಭಿಣಿಯರು ಬಳಸಬಾರದು.

"ಅಕ್ಕಾ... ದಿನಾ ಹಚ್ತಿದ್ಯಾ?"

"ಮಲಗೋ ಮುಂಚೆ ದಿನಾ. ಒಂದು ದಿನಾನೂ ತಪ್ಪಿಸಬೇಡ ಅಂತ ನೀನೇ ತಾನೇ ಹೇಳಿದ್ದು? ಯಾಕೇ, ಹಂಗೆ ಬಿಳಿಚ್ಕೊಂಡೆ?"

ಈ ಸಲ ಡಬ್ಬಿ ಸಿಗಲಿಲ್ಲ ಎಂದುಬಿಡಬಹುದಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೂ ಅವಳು ಹೇಳಿದಳು, ತಡವರಿಸುತ್ತ, ಎಲ್ಲವನ್ನೂ.

ಅಕ್ಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಗೊತ್ತಿದ್ದೂ ಕೊಟ್ಯಾ?"

"ನೀನು ಬಸುರಿ ಆಗ್ತೀಯ ಅಂತ ಗೊತ್ತಿರ್ಲಿಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅದರ ಭಾರ ಅವಳಿಗೆ ತಿಳಿಯಿತು.

"ಹಂಗಾದ್ರೆ ನೀನೂ ಆಸೆ ಬಿಟ್ಟಿದ್ದೆ ಅನ್ನು," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಭಾವ ಆಗಲೇ ಡಾಕ್ಟರಿಗೆ ಫೋನ್ ಹಚ್ಚಿ, ವಿಷಯ ಹೇಳಿ, ಸ್ಪೀಕರ್ ಹಾಕಿದ್ದರು. "ಇವತ್ತಿಂದಲೇ ನಿಲ್ಲಿಸಿ. ಚರ್ಮದಿಂದ ರಕ್ತಕ್ಕೆ ಹೋಗೋದು ತೀರಾ ಕಡಿಮೆ, ಗಾಬರಿ ಬೇಡ," ಎಂದರು ಡಾಕ್ಟರು. "ರೆಟಿನಾಲ್ ಎಷ್ಟಿದೆ ಅದರಲ್ಲಿ? ಡಬ್ಬಿ ನೋಡಿ ಹೇಳಿ."

ಭಾವ ಕೋಣೆಗೆ ಓಡಿ ಡಬ್ಬಿ ತಂದು, ಸುತ್ತಲೂ ತಿರುಗಿಸಿ ನೋಡಿದರು. ಬರೀ ಬಿಳಿ ಪ್ಲಾಸ್ಟಿಕ್ಕು.

"ನೂರು ಗ್ರಾಮಿಗೆ ಸೊನ್ನೆ ಪಾಯಿಂಟ್ ಮೂರು ಗ್ರಾಂ," ಎಂದಳು ಅವಳು. "ತೂಕ ಮಾಡಿದ್ದು ನಾನೇ."

ಸ್ಕ್ಯಾನಿಂಗ್ ಗುರುವಾರ ಬೆಳಿಗ್ಗೆ ಹತ್ತಕ್ಕೆ. ಜೊತೆಗೆ ಬಾ ಎಂದು ಅಕ್ಕ ಕರೆದಿಲ್ಲ, ಬೇಡವೆಂದೂ ಹೇಳಿಲ್ಲ. ಅವಳು ರಜೆ ಹಾಕಿದ್ದಾಳೆ.