ಕೊರಿಯಾದ ಐದು ಅಕ್ಷರ, ಕೊಡಿಗೇಹಳ್ಳಿಯ ಒಂದು ಗೋಡೆ

ಬೆಳಿಗ್ಗೆ ಏಳೂವರೆಗೆ ಗೊರಗುಂಟೆಪಾಳ್ಯದಲ್ಲಿ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಒಂಬತ್ತು ಬ್ರಷ್ಷು, ಸೀಮೆಸುಣ್ಣದ ಪುಡಿ, ದಾರದ ಉಂಡೆ. ಇನ್ನೊಂದರಲ್ಲಿ ಮನೆಯವಳು ಕಟ್ಟಿಕೊಟ್ಟ ಚಿತ್ರಾನ್ನ. ಹೆಬ್ಬಾಳಕ್ಕೆ ಇಪ್ಪತ್ತನಾಲ್ಕು ರೂಪಾಯಿ. ಜನವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಂಡಕ್ಟರ್ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡಿದ್ದ.

ನಾನು ಲಾರಿಗಳಿಗೆ ಅಕ್ಷರ ಬರೆಯುವವನು. ಆರನೇ ಕ್ಲಾಸಿಗೇ ಶಾಲೆ ಬಿಟ್ಟೆ. ಆದರೂ ಒಂದು ಕಾಲಕ್ಕೆ ಯಶವಂತಪುರದಿಂದ ಯಲಹಂಕದವರೆಗೆ ಅಂಗಡಿ ಬೋರ್ಡು ಓದಿದವರು ಓದಿದ್ದು ನಮ್ಮ ಕೈಯನ್ನೇ, ಎಂ.ಎ. ಮಾಡಿದವರೂ ಸೇರಿ. ಫ್ಲೆಕ್ಸ್ ಬಂದ ಮೇಲೆ ನನಗೆ ಲಾರಿ ಮಾತ್ರ ಉಳಿಯಿತು. ಅಂಥ ಒಂದು ಲಾರಿಯ ಹಣೆಬರಹ ನೋಡಿ ಯಲಹಂಕದ ಕಲಾ ಕಾಲೇಜೊಂದರ ವಿದ್ಯಾರ್ಥಿನಿ ಮೇಘನಾ ಫೋನ್ ಮಾಡಿದ್ದಳು. ಕೊರಿಯಾ ದೇಶದ ಪೋಸ್ಟರುಗಳ ಪ್ರದರ್ಶನ ಇದೆ, ಬಾಗಿಲ ಪಕ್ಕದ ಗೋಡೆಯ ಮೇಲೆ ಅದರ ಹೆಸರು ‘ಬೀದಿಯ ಅಕ್ಷರ’ ಎಂದು ಕೊರಿಯಾ ಭಾಷೆಯಲ್ಲೂ ಕನ್ನಡದಲ್ಲೂ ಕೈಯಿಂದಲೇ ಬರೆಯಬೇಕು, ಆಗುತ್ತದೆಯೇ ಎಂದಳು. ನಾನು ತಮಿಳು, ತೆಲುಗು, ಉರ್ದು ಒಂದಕ್ಷರವೂ ಓದಲು ಬಾರದೆ ಇಪ್ಪತ್ತು ವರ್ಷ ಬರೆದವನು. ಆಗುತ್ತದೆ ಎಂದೆ.

ಹೆಬ್ಬಾಳದಲ್ಲಿ ಅಕ್ಬರ್ ಕಾಯುತ್ತಿದ್ದ. ಅಕ್ಬರ್ ಮತ್ತು ನಾನು ಆರ್.ಟಿ. ನಗರದಲ್ಲಿ ಗಫೂರ್ ಸಾಬರ ಬಳಿ ಒಟ್ಟಿಗೆ ಕೆಲಸ ಕಲಿತವರು. ಅವರನ್ನು ನಾವು ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಅವರು ತೀರಿಕೊಂಡ ಮೇಲೆ ಅಕ್ಬರ್ ಬ್ರಷ್ಷು ಬಿಟ್ಟು ಫ್ಲೆಕ್ಸ್ ಅಂಗಡಿ ಇಟ್ಟ. ಅದಕ್ಕಾಗಿ ನಾನು ಅವನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ. ಈಗ ಏಣಿ ಹಿಡಿಯಲು ತಾನೇ ಬರುತ್ತೇನೆಂದು ಹೊರಟಿದ್ದ.

“ಏನ್ ಗುರು, ಕೊರಿಯಾಗೆ ಹೊರಟಿದ್ದೀಯ. ಪಾಸ್‌ಪೋರ್ಟ್ ತಂದಿದ್ದೀಯಾ?” ಎಂದ.

“ಏಣಿ ಹಿಡಿಯೋನಿಗೆ ಬೇರೆ ವೀಸಾ ಬೇಕಂತೆ,” ಎಂದೆ.

“ನಾನು ಹಿಡಿಯಕ್ಕೆ ಬರ್ತಿಲ್ಲ ಕಣೋ. ನೀನ್ ಬಿದ್ರೆ ಫೋಟೋ ತೆಗೆಯಕ್ಕೆ ಬರ್ತಿದ್ದೀನಿ.”

ದಾರಿಯಲ್ಲಿ ಕೊಡಿಗೇಹಳ್ಳಿ ಗೇಟಿನಲ್ಲಿ ಹತ್ತು ನಿಮಿಷದ ಕೆಲಸ ಇದೆ, ಇಳಿಯೋಣ ಎಂದು ಅವನು ಹೇಳಿದಾಗ ಇಳಿದೆ. ಸಹಕಾರನಗರದ ಕಡೆ ನಡೆದು ಹಳೆಯ ಊರಿನ ಏರು ಬೀದಿಗೆ ತಿರುಗಿದ ಮೇಲೆ ಎಲ್ಲಿಗೆಂದು ಗೊತ್ತಾಯಿತು. ಅಲ್ಲಿ ಮುನಿಯಪ್ಪನವರ ಹಿಟ್ಟಿನ ಮಿಲ್ಲಿದೆ. ಅದರ ಷಟರಿನ ಮೇಲುಗಡೆ ಗೋಡೆಗೇ ಬರೆದ ಒಂದು ಸಾಲು: ‘ರಾಗಿ, ಅಕ್ಕಿ, ಗೋಧಿ ಬೀಸಿಕೊಡಲಾಗುವುದು’. ಉಸ್ತಾದ್ ಬರೆದದ್ದು. ನಾನು ಬಣ್ಣದ ಡಬ್ಬ ಹಿಡಿದು ಕೆಳಗೆ ನಿಂತಿದ್ದೆ, ಅಕ್ಬರ್ ಟೀ ತರಲು ಹೋಗಿ ಅರ್ಧ ದಿನ ಬಂದಿರಲಿಲ್ಲ. ನಮಗೆ ತಿಳಿದ ಮಟ್ಟಿಗೆ ಉಸ್ತಾದರು ಕೈಯಾರೆ ಬರೆದದ್ದರಲ್ಲಿ ಇನ್ನೂ ಉಳಿದಿರುವುದು ಅದೊಂದೇ.

ಅಕ್ಬರ್ ಜೇಬಿನಿಂದ ಟೇಪು ತೆಗೆದ. ಮುನಿಯಪ್ಪನವರು ಲೈಟಿನ ಬೋರ್ಡಿಗೆ ಅವನಿಗೇ ಹೇಳಿದ್ದರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಆ ಗೋಡೆಯ ಮೇಲೆ ಶೀಟು ಕೂರಿಸಿ ಮೊಳೆ ಹೊಡೆಯುವವರಿದ್ದರು. ಇದನ್ನು ಹೀಗೇ ಬಿಡಬಾರದೇ ಎಂದು ನಾನು ಮುನಿಯಪ್ಪನವರನ್ನು ಕೇಳಿದೆ. ಅವರು ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಗೋಡೆಯನ್ನು ನೋಡಿದರು.

“ಓದಕ್ಕೆ ಇನ್ನೇನೈತೆ ಸ್ವಾಮಿ ಅದ್ರಲ್ಲಿ. ಬಣ್ಣ ಎಲ್ಲಾ ಓಗೈತೆ. ಲೈಟ್ ಆಕಿದ್ರೆ ಸಂಜೆವೊತ್ತೂ ಕಾಣ್ತದೆ.”

ಅವರ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ಅಕ್ಬರನ ಕಡೆ ತಿರುಗಿ, ಈ ಕೆಲಸ ನೀನು ಮಾಡಬೇಡ ಎಂದೆ. ಅವನು ಷಟರಿನಿಂದ ಅಕ್ಷರದವರೆಗೆ ಅಳೆಯುತ್ತಿದ್ದ. ಎಡಗಡೆ ಎಂಟು ಇಂಚು, ಬಲಗಡೆ ಹನ್ನೆರಡು. ಷಟರ್ ಕೂರಿಸಿದವನು ಕಣ್ಣು ಮುಚ್ಚಿಕೊಂಡು ಕೂರಿಸಿದ್ದಾನೆ ಎಂದು ಗೊಣಗಿ ಬರೆದುಕೊಂಡ. ಆಮೇಲೆ ನನಗೆ ಉತ್ತರ ಕೊಟ್ಟ.

“ನಾನ್ ಬಿಟ್ರೆ ಇನ್ನೊಬ್ಬ ಮುಚ್ತಾನೆ ಕಣೋ. ಅವನಿಗೆ ಉಸ್ತಾದ್ ಯಾರು ಅಂತಲೂ ಗೊತ್ತಿರಲ್ಲ.”

ಯಲಹಂಕದ ಬಸ್ಸಿನಲ್ಲಿ ದೂರ ದೂರ ಕೂತೆವು. ಟಿಕೆಟ್ ಹದಿನೆಂಟು ರೂಪಾಯಿ, ಇಬ್ಬರದ್ದೂ ಅವನೇ ಕೊಟ್ಟ. ವಾಯುನೆಲೆಯ ಕಡೆಯಿಂದ ಒಂದು ವಿಮಾನ ತಲೆಯ ಮೇಲೇ ಹೋಯಿತು. ಇಬ್ಬರೂ ಬೇರೆ ಬೇರೆ ಕಿಟಕಿಯಿಂದ ನೋಡಿದೆವು.

ಕಾಲೇಜಿನ ಹಾಲ್ ತಂಪಾಗಿತ್ತು. ಗೋಡೆ ತುಂಬ ಪೋಸ್ಟರುಗಳು: ನಾಟಕದ್ದು, ಸಂಗೀತದ್ದು, ಪುಸ್ತಕ ಸಂತೆಯದ್ದು. ನಾವು ನಾಟಕದ ಪೋಸ್ಟರು ಮಾಡಿದರೆ ನಾಯಕನ ಮುಖ ಮೊದಲು, ಹೆಸರು ಆಮೇಲೆ. ಇವುಗಳಲ್ಲಿ ಮುಖವೇ ಇರಲಿಲ್ಲ, ಅಕ್ಷರವೇ ನಾಯಕ. ಒಂದರಲ್ಲಿ ಅಕ್ಷರಗಳು ಇಟ್ಟಿಗೆಯಂತೆ ಒಂದರ ಮೇಲೊಂದು ಕೂತಿದ್ದವು. ಇನ್ನೊಂದರಲ್ಲಿ ಕಾಗದವೆಲ್ಲ ಖಾಲಿ, ಮೂಲೆಯಲ್ಲಿ ಮಾತ್ರ ನಾಲ್ಕು ಅಕ್ಷರ. ಕೆಲವು ಎರಡೇ ಬಣ್ಣದಲ್ಲಿ ಅಚ್ಚಾಗಿದ್ದವು. ಕೆಂಪು ನೀಲಿಯ ಮೇಲೆ ಸರಿಯಾಗಿ ಕೂರದೆ ಕೂದಲೆಳೆಯಷ್ಟು ಜರುಗಿತ್ತು. ಅದನ್ನು ಕಂಡು ನನಗೆ ಯಶವಂತಪುರದ ಗೋಡೆಗಳ ಹಳೆಯ ಸಿನಿಮಾ ಪೋಸ್ಟರುಗಳು, ಅವುಗಳ ಅಂಟಿನ ಹುಳಿ ವಾಸನೆ ಸಮೇತ ಎದುರಿಗೆ ಬಂದವು. ಕೊರಿಯಾದ ಅಕ್ಷರ ಒಂದೊಂದೂ ಒಂದು ಚೌಕದಲ್ಲಿ ಕೂರುತ್ತದೆ. ನಮ್ಮ ಒತ್ತಕ್ಷರದ ಹಾಗೆ ಅಡಿಯಲ್ಲೂ ಒಂದು ತುಂಡು ಸೇರಿಕೊಳ್ಳುತ್ತದೆ. ಅಪರಿಚಿತ ಅನ್ನಿಸಲಿಲ್ಲ.

ಮೇಘನಾ ಒಂದು ಹಾಳೆ ಕೊಟ್ಟು ಕ್ಲಾಸಿಗೆ ಹೋದಳು. ಹಾಳೆಯಲ್ಲಿ ಐದು ಚೌಕದ ಅಕ್ಷರ. ಮೂರನೆಯದರಲ್ಲಿ ಒಂದು ಸುತ್ತು. ಸುತ್ತು ಬೇಕಾದ್ದಕ್ಕಿಂತ ದೊಡ್ಡದಾಗಿತ್ತು, ನಾಲ್ಕನೆಯದು ಇರುಕಿಕೊಂಡಿತ್ತು, ಕೊನೆಯದು ಸಾಲು ಬಿಟ್ಟು ಕೆಳಗೆ ಇಳಿದಿತ್ತು. ಪ್ರಿಂಟು ಕೆಟ್ಟಿದೆ ಎಂದುಕೊಂಡೆ. ಅಕ್ಬರನೂ ನೋಡಿ, ಯಂತ್ರದಲ್ಲಿ ಹಿಂಗೆ ಆಗ್ತದೆ ಎಂದ. ಸೀಮೆಸುಣ್ಣದ ಪುಡಿ ಹಚ್ಚಿದ ದಾರದ ಆ ತುದಿಯನ್ನು ಅವನು ಹಿಡಿದ, ನಾನು ಈ ತುದಿ ಹಿಡಿದು ಎಳೆದು ಬಿಟ್ಟೆ. ಮೇಲೊಂದು ಗೆರೆ, ಕೆಳಗೊಂದು ಗೆರೆ. ಗೆರೆ ದಾಟಿದರೆ ಉಸ್ತಾದ್ ಬ್ರಷ್ಷಿನ ಹಿಡಿಯಿಂದ ಗೆಣ್ಣಿಗೆ ಕೊಡುತ್ತಿದ್ದರು. ಐದೂ ಅಕ್ಷರಗಳನ್ನು ಆ ಎರಡು ಗೆರೆಗಳ ನಡುವೆ ಸಮವಾಗಿ ಕೂರಿಸಿದೆ. ಹನ್ನೊಂದೂವರೆಗೆ ಮುಗಿಯಿತು. ಒಳ್ಳೆಯ ಕಪ್ಪು, ಅಂಚು ಬ್ಲೇಡಿನಲ್ಲಿ ಕೊಯ್ದಂತೆ. ನನಗೇ ಹೆಮ್ಮೆಯಾಯಿತು.

ಆಗ ಕೊರಿಯಾದ ಮಿನ್‌ಜಿ ಮೇಡಂ ಬಂದರು. ಆ ಅಕ್ಷರಗಳನ್ನು ರೂಪಿಸಿದವರು ಅವರೇ. ನಲವತ್ತರ ಒಳಗಿನ ವಯಸ್ಸು, ಬೆರಳ ತುಂಬ ಇಂಕು. ಗೋಡೆ ನೋಡಿ ನಗುತ್ತಾ ತಲೆ ಬಾಗಿಸಿದರು. ಆಮೇಲೆ ಹಾಳೆಯನ್ನು ನೋಡಿದರು, ಮತ್ತೆ ಗೋಡೆಯನ್ನು. ನಗು ಹಾಗೇ ಇತ್ತು. ಕ್ಲಾಸು ಮುಗಿಸಿ ಬಂದ ಮೇಘನಾಗೆ ನಿಧಾನವಾಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮೇಘನಾ ನೆಲ ನೋಡುತ್ತಾ ನನಗೆ ತಿಳಿಸಿದಳು.

ಮಿನ್‌ಜಿ ಮೇಡಂ ಬೆಳೆದ ಬೀದಿಯಲ್ಲಿ ಒಂದು ಗಡಿಯಾರ ರಿಪೇರಿ ಅಂಗಡಿ ಇತ್ತಂತೆ. ಅದರ ಬೋರ್ಡನ್ನು ಒಬ್ಬ ಮುದುಕ ಪೇಂಟರ್ ಕೈಯಿಂದ ಬರೆದಿದ್ದನಂತೆ. ಬೀದಿಯನ್ನೇ ಕೆಡವುವ ಹಿಂದಿನ ದಿನ ಇವರು ಏಣಿ ಹಾಕಿ ಅದರ ಹನ್ನೊಂದು ಅಕ್ಷರಗಳನ್ನು ತೆಳು ಕಾಗದದ ಮೇಲೆ ಇಳಿಸಿಕೊಂಡರು. ಉಳಿದ ಅಕ್ಷರಗಳನ್ನೆಲ್ಲ ಅದೇ ಕೈ ಬರೆದಂತೆ ವರ್ಷಗಟ್ಟಲೆ ಕೂತು ಕಟ್ಟಿದರು. ಈಗ ಅಲ್ಲಿನ ನಾಟಕದವರು, ಪುಸ್ತಕದವರು ತಮ್ಮ ಪೋಸ್ಟರುಗಳಿಗೆ ಅದನ್ನೇ ಬಳಸುತ್ತಾರೆ.

“ದೊಡ್ಡ ಸುತ್ತು, ಕೆಳಗೆ ಇಳಿದಿರೋದು, ಎಲ್ಲಾ ಆ ತಾತಂದೇ ಅಂಕಲ್. ಅವರ ಹೆಸರು ಯಾರಿಗೂ ಗೊತ್ತಿಲ್ವಂತೆ. ಅದಷ್ಟೇ ಉಳಿದಿರೋದು.”

ನಾನು ಗೋಡೆ ನೋಡಿದೆ. ಯಾವುದೋ ದೇಶದಲ್ಲಿ ನನ್ನಂಥವನೇ ಒಬ್ಬ ಬರೆದದ್ದನ್ನು ನಾನು ಒಂದು ದಾರದಿಂದ ಅಳಿಸಿಬಿಟ್ಟಿದ್ದೆ. ಬೇಕಾದರೆ ಹೀಗೇ ಇರಲಿ, ಚೆನ್ನಾಗಿದೆ ಎಂದರಂತೆ ಮೇಡಂ. ಅದು ನನಗೆ ಇನ್ನೂ ಕಷ್ಟವಾಯಿತು. ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಐದನ್ನೂ ಒರೆಸಿದೆ. ಬಿಳಿ ಹೊಡೆದು, ಅದು ಒಣಗುವಷ್ಟರಲ್ಲಿ ನಾಲ್ವರೂ ಚಿತ್ರಾನ್ನ ಹಂಚಿಕೊಂಡೆವು. ಮೇಡಂ ಕಡಲೆಬೀಜವನ್ನು ಕೊನೆಗೆಂದು ಎತ್ತಿಟ್ಟುಕೊಂಡು ತಿಂದರು. ಮತ್ತೆ ಬರೆಯುವಾಗ ದಾರ ಮುಟ್ಟಲಿಲ್ಲ. ಕೊನೆಯ ಅಕ್ಷರವನ್ನು ಎರಡು ಬೆರಳು ಕೆಳಗಿಳಿಸುವಾಗ ಗೆಣ್ಣು ತಾನಾಗಿ ಹಿಂದಕ್ಕೆ ಸರಿಯಿತು.

ಮೂರೂವರೆ ಆಗಿತ್ತು. ಕನ್ನಡದ ಸಾಲು ಬಾಕಿ. ಅದು ಯಾರ ಕೈಬರಹದಲ್ಲಿ ಬರುತ್ತದೆ ಎಂದು ಮೇಡಂ ಮೇಘನಾಳಿಂದ ಕೇಳಿಸಿದರು. ನನ್ನದೇ, ಲಾರಿಯ ನೆರಳು ಹಾಕಿದ ಅಕ್ಷರ ಎನ್ನಲು ಬಾಯಿ ತೆರೆದವನು ಅಕ್ಬರನ ಮುಖ ನೋಡಿ ನಿಲ್ಲಿಸಿದೆ. ಉಸ್ತಾದರ ‘ಅ’ದ ಹೊಟ್ಟೆ ಎಲ್ಲಿಂದ ತಿರುಗುತ್ತಿತ್ತು ಎಂದು ಅವನನ್ನು ಕೇಳಿದೆ. ಅವನು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದ. ಅಲ್ಲ, ಹೀಗೆ ಎಂದು ನಾನು ತೋರಿಸಿದೆ. ಹತ್ತು ವರ್ಷ ಅವರ ಪಕ್ಕದಲ್ಲಿ ನಿಂತವರು. ಇಬ್ಬರಿಗೂ ಖಾತ್ರಿ ಇರಲಿಲ್ಲ.

ಅಕ್ಬರ್ ಗಡಿಯಾರ ನೋಡಿಕೊಂಡ. “ಬೆಳಕಿರೋವಾಗ್ಲೇ ಕೊಡಿಗೇಹಳ್ಳಿಗೆ ಹೋಗೋಣ ನಡಿ,” ಎಂದ.

ಕನ್ನಡದ ಸಾಲನ್ನು ನಾಳೆ ಬೆಳಿಗ್ಗೆ ಬರೆಯುತ್ತೇನೆ ಎಂದು ಮೇಘನಾಗೆ ಹೇಳಿದೆ. ಮಿಲ್ಲಿನ ಗೋಡೆಯ ವಿಷಯ ತಿಳಿದ ಮೇಡಂ ತಮ್ಮ ತೆಳು ಕಾಗದದ ಸುರುಳಿಯನ್ನೇ ಕೊಟ್ಟರು, ಎದೆಮಟ್ಟದ್ದು.

ಕೊಡಿಗೇಹಳ್ಳಿಯಲ್ಲಿ ಮುನಿಯಪ್ಪನವರು ತಮ್ಮ ಮನೆಯ ಬಿದಿರೇಣಿ ಕೊಟ್ಟರು. ನಾಳೆ ಮುಚ್ಚುವುದನ್ನು ಇವತ್ತು ಬರೆದುಕೊಳ್ಳುವುದು ಯಾಕೆಂದು ಕೇಳಿ, ಉತ್ತರಕ್ಕೆ ಕಾಯದೆ ಮಿಲ್ಲು ನಿಲ್ಲಿಸಿದರು, ಗೋಡೆ ಅದುರದಿರಲೆಂದು. ಅಕ್ಬರ್ ಏಣಿ ಹಿಡಿದ. ನಾನು ಹತ್ತಿ ಕಾಗದ ಒತ್ತಿ ಪೆನ್ಸಿಲ್ ಆಡಿಸಿದೆ. ಕೆಳಗಿನಿಂದ ಇಷ್ಟು ವರ್ಷ ನೋಡಿದ ಸಾಲನ್ನು ಮೊದಲ ಸಲ ಮುಖಕ್ಕೆ ಮುಖ ಕೊಟ್ಟು ನೋಡುತ್ತಿದ್ದೆ. ಪ್ರತಿ ಅಕ್ಷರದ ಮೇಲ್ಭಾಗ ಕೆಳಭಾಗಕ್ಕಿಂತ ದಪ್ಪ, ಕೆಳಗೆ ನಿಂತು ನೋಡುವವರಿಗೆ ಸಮ ಕಾಣಲೆಂದು. ಬಲಕ್ಕೆ ಹೋದಂತೆ ಸಾಲು ಮೇಲೇರಿತ್ತು. ಗೆರೆಯ ಗುರುತೇ ಇರಲಿಲ್ಲ.

“ಅಕ್ಬರ್, ಷಟರ್ ಸರಿಯಾಗೇ ಇದೆ ಕಣೋ. ಏರಿರೋದು ಉಸ್ತಾದ್ ಸಾಲು.”

ಅವನು ಏಣಿ ಹಿಡಿದೇ ಬೀದಿಯ ಎರಡೂ ಕಡೆ ನೋಡಿದ. ಬೀದಿ ಏರು. ಏರು ಹತ್ತಿ ಬರುವವರ ಕಣ್ಣಿಗೆ ನೇರವಾಗಿ ಕಾಣಲಿ ಎಂದು ಅವರು ಸಾಲನ್ನೇ ಬೀದಿಯ ಜೊತೆ ಹತ್ತಿಸಿದ್ದರು. ಗೆರೆ ದಾಟಿದ್ದಕ್ಕೆ ನಮ್ಮ ಗೆಣ್ಣಿಗೆ ಹೊಡೆದ ಮನುಷ್ಯ.

“ನಮಗೆ ಹೇಳ್ಕೊಡ್ಲೇ ಇಲ್ವಲ್ಲೋ,” ಎಂದ ಅಕ್ಬರ್. ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು, “ಅವತ್ತೇ ಅಲ್ವಾ ನಾನು ಟೀಗೆ ಹೋಗಿದ್ದು,” ಎಂದ.

ಐದೂವರೆಗೆ ಕೊನೆಯ ಅಕ್ಷರ ಇಳಿಸಿಕೊಂಡು ಗೇಟಿಗೆ ಬಂದೆವು. ಬಸ್ಸಿನಲ್ಲಿ ಜನ ಇದ್ದರು. ಒಂದೇ ಸೀಟು ಸಿಕ್ಕಿತು. ಅಕ್ಬರ್ ಸುರುಳಿಯನ್ನು ಅಲ್ಲಿ ಕೂರಿಸಿ ತಾನು ಪಕ್ಕದಲ್ಲಿ ನಿಂತ. ಕಂಡಕ್ಟರ್ ಬಂದು, ಅದೇನು ಲಗೇಜು, ಕೆಳಗಿಡಿ ಎಂದ.

“ಲಗೇಜ್ ಅಲ್ಲ ಕಣ್ರೀ, ನಮ್ ಉಸ್ತಾದ್ರು,” ಎಂದ ಅಕ್ಬರ್. “ಹೆಬ್ಬಾಳಕ್ಕೆ ಮೂರು ಕೊಡಿ.”

ಕಂಡಕ್ಟರ್ ಇಬ್ಬರ ನರೆತ ತಲೆ ನೋಡಿದ, ಸುರುಳಿ ನೋಡಿದ, ಮೂರು ಟಿಕೆಟ್ ಹರಿದು ಕೊಟ್ಟ. ನಾನು ಬಾಗಿ ಹಿಂದಿನ ಗಾಜಿನಲ್ಲಿ ನೋಡಿದೆ. ಕೊಡಿಗೇಹಳ್ಳಿಯ ರಸ್ತೆಬಾಯಿ ಒಂದು ಕ್ಷಣ ಕಂಡಿತು, ಆಮೇಲೆ ಲಾರಿಯೊಂದು ಅಡ್ಡ ಬಂತು. ಅದರ ಹಣೆಯ ಮೇಲಿನ ಅಕ್ಷರ ನನ್ನದೇ, ಗೆರೆ ಹೊಡೆದು ಬರೆದದ್ದು.